ಎರಡು ಚಕ್ರದ ಟ್ರಾಲಿಗೆ ಹಿಂಬದಿ ಸ್ಟ್ಯಾಂಡ್ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು. ನೀವು ಮಾನ್ವಿ ಕಡೆಯವರು. ಟ್ರ್ಯಾಕ್ಟರ್ ಬಿಚ್ಚಿ ನಿಲ್ಲಿಸಿದ ಸಣ್ಣ ಟ್ರಾಲಿಗೆ ಹಿಂದಿನಿಂದ ಹಲಗೆ ಹಾಕಿ ಪವರ್ ಟಿಲ್ಲರ್ ಹತ್ತಿಸುವಾಗ ಮೂಕಿ (ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕಂಬಿ) ಮೇಲೇಳುತ್ತದೆ, ಮನೆಯ ವೆಲ್ಡಿಂಗ್ ಯಂತ್ರದಲ್ಲೇ ಹಿಂದೆ ಎರಡು ಕಾಲು ಕೂರಿಸಬಹುದೇ, ಹಳೆಯ ಕಾರಿನ ಜಾಕ್ ಸಾಕೇ ಎಂದು ಕೇಳಿದ್ದೀರಿ. ನಾನು ಕಾರಟಗಿ ಹತ್ತಿರ ಭತ್ತ ಬೆಳೆಯುವವನು. ನಮ್ಮ ಟ್ರಾಲಿಯ ಕಾಲುಗಳನ್ನು ನಾನೇ ಮಾಡಿದ್ದೇನೆ, ಅಕ್ಕಪಕ್ಕದ ಹೊಲದವರಿಗೂ ಮಾಡಿಕೊಟ್ಟಿದ್ದೇನೆ.

ಕಬ್ಬಿಣ ತರುವ ಮೊದಲು ಟೇಪ್ ಹಿಡಿಯಿರಿ. ಅಚ್ಚಿನಿಂದ ಹಿಂದಿನ ಅಂಚಿಗೆ 4 ಅಡಿ, ಮುಂದಿನ ಕೊಂಡಿಗೆ 8 ಅಡಿ ಇದೆ ಎಂದುಕೊಳ್ಳಿ. 450 ಕಿಲೋ ಟಿಲ್ಲರ್ ಹಿಂದಿನ ಅಂಚಿನ ಮೇಲೆ ನಿಂತ ಕ್ಷಣ ಕೊಂಡಿಯನ್ನು 225 ಕಿಲೋ ಬಲ ಮೇಲಕ್ಕೆ ಎತ್ತುತ್ತದೆ. ಖಾಲಿ ಟ್ರಾಲಿಯ ಮೂಕಿಯ ಭಾರ ಅಷ್ಟಿಲ್ಲದಿದ್ದರೆ ಏಳದೆ ಇನ್ನೇನು ಮಾಡೀತು? ಭತ್ತದ ಚೀಲದಲ್ಲೂ ಇದೇ ಲೆಕ್ಕ: 75 ಕಿಲೋದ ಆರು ಚೀಲಗಳನ್ನು ಹಿಂದಿನ ತುದಿಯಲ್ಲೇ ಒಟ್ಟಿದರೆ ಅದೇ 450 ಕಿಲೋ. ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಹಿಂಭಾರ ಎಂದರೆ ಏನೆಂದು ಹೇಳಿಕೊಡಬೇಕಾಗಿರಲಿಲ್ಲ.

ನಾನು ಹೇಳುವ ಕಾಲು ಎಂದರೆ ಒಂದು ಪೈಪಿನೊಳಗೆ ಜಾರುವ ಇನ್ನೊಂದು ಪೈಪ್, ಬೇಕಾದ ಎತ್ತರದಲ್ಲಿ ಪಿನ್ ಹಾಕಿ ನಿಲ್ಲಿಸುವಂಥದ್ದು. ಈ ಕಾಲುಗಳು ಟ್ರಾಲಿಯನ್ನು ಎತ್ತುವುದಕ್ಕಲ್ಲ, ಬೀಳುವಾಗ ತಡೆಯುವುದಕ್ಕೆ. ಇದೊಂದು ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ. ಕಾಲನ್ನು ನೆಲಕ್ಕೆ ಬಿಗಿಯಾಗಿ ಒತ್ತಿ ಪಿನ್ ಹಾಕಿದರೆ, ಭಾರ ಬಿದ್ದು ಸ್ಪ್ರಿಂಗ್ ಪಟ್ಟಿ ಕುಗ್ಗಿದ ಮೇಲೆ ಟ್ರಾಲಿ ಕಾಲಿನ ಮೇಲೆಯೇ ಕುಳಿತುಬಿಡುತ್ತದೆ. ಆಮೇಲೆ ಸುತ್ತಿಗೆಯಿಂದ ಹೊಡೆದರೂ ಪಿನ್ ಬರುವುದಿಲ್ಲ. ಪಾದಕ್ಕೂ ನೆಲಕ್ಕೂ ಒಂದು ಅಂಗುಲ ಅಂತರ ಬಿಡಿ. ಹಿಂಬದಿ ಅಷ್ಟು ಇಳಿದು ನಿಲ್ಲುತ್ತದೆ, ಟಿಲ್ಲರ್ ಅಚ್ಚು ದಾಟಿ ಮುಂದೆ ಹೋದ ಕೂಡಲೇ ಕಾಲು ತಾನಾಗಿ ಸಡಿಲವಾಗುತ್ತದೆ. ಹಾಗೂ ಸಿಕ್ಕಿಕೊಂಡರೆ ಮುಂದಿನ ಸ್ಟ್ಯಾಂಡಿನ ಹಿಡಿಕೆ ತಿರುಗಿಸಿ ಮೂಕಿಯನ್ನು ಸ್ವಲ್ಪ ಇಳಿಸಿ, ಹಿಂಬದಿ ಏಳುತ್ತದೆ.

ಸಾಮಾನು ಹೆಚ್ಚೇನಿಲ್ಲ. ಹೊರಗೆ 50 ಮಿ.ಮೀ. ಚೌಕ ಪೈಪ್, 4 ಮಿ.ಮೀ. ದಪ್ಪದ್ದು, ಒಳಗೆ 40 ಮಿ.ಮೀ. ಪೈಪ್, ಕನಿಷ್ಠ 3 ಮಿ.ಮೀ. ದಪ್ಪದ್ದು. ಹೊರ ಪೈಪಿನ ಒಳ ಅಳತೆ 42 ಆಗುವುದರಿಂದ ಒಳಗಿನದು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಕೂರುತ್ತದೆ. ಆದರೆ ಪೈಪಿನೊಳಗೆ ಉದ್ದಕ್ಕೂ ಬೆಸುಗೆಯ ಏಣು ಇರುತ್ತದೆ, ಅದನ್ನು ಅರದಿಂದ ಉಜ್ಜದಿದ್ದರೆ ಕಾಲು ಅರ್ಧಕ್ಕೇ ನಿಲ್ಲುತ್ತದೆ. ಗುಜರಿಯಲ್ಲಿ ಸಿಗುವ ಸತುವಿನ ಲೇಪದ ನೀರಿನ ಪೈಪಿಗೆ ಕೈ ಹಾಕಬೇಡಿ. ವೆಲ್ಡಿಂಗ್ ಮಾಡುವಾಗ ಅದರ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಪಿನ್ 16 ಮಿ.ಮೀ. ಸಲಾಕೆಯದು ಸಾಕು. ಎಲ್ಲರೂ ಪಿನ್ ಮುರಿದೀತೆಂದು ಹೆದರುತ್ತಾರೆ. ಮೊದಲು ಸೋಲುವುದು ಪಿನ್ ಅಲ್ಲ, ತೆಳು ಪೈಪಿನಲ್ಲಿ ಕೊರೆದ ರಂಧ್ರ; ಅದು ದಿನ ಕಳೆದಂತೆ ಉದ್ದವಾಗುತ್ತದೆ. ಹೊರ ಪೈಪಿನ ರಂಧ್ರಕ್ಕೆ ಎರಡೂ ಬದಿಯಲ್ಲಿ ದಪ್ಪ ವಾಷರ್ ವೆಲ್ಡ್ ಮಾಡಿ. ಒಳ ಪೈಪಿನಲ್ಲಿ ಎರಡು ಅಂಗುಲಕ್ಕೊಂದು ರಂಧ್ರ ಇರಲಿ. ಒಂದೊಂದು ಕಾಲೂ ಇಡೀ ಭಾರ ಹೊರುವಂತೆ ಮಾಡಬೇಕು. ಹೊಲದಲ್ಲಿ ಎರಡೂ ಪಾದ ಒಂದೇ ಸಲ ನೆಲಕ್ಕೆ ತಾಗುವುದು ಅಪರೂಪ.

ಹೊರ ಪೈಪನ್ನು ಚಾಸಿಯ ಹಿಂದಿನ ಮೂಲೆಯಲ್ಲಿ, ಪಕ್ಕದ ಮುಖಕ್ಕೆ ಕೂರಿಸಿ. ಹಿಂದಿನ ಮುಖಕ್ಕೆ ಕೂರಿಸಿದರೆ ಬಾಗಿಲು ಕೆಳಗೆ ಬಿಡುವುದಕ್ಕೆ ಅಡ್ಡ. ತೆಳು ತಗಡಿಗೆ ನೇರ ಬೆಸೆಯದೆ 6 ಮಿ.ಮೀ. ಪಟ್ಟಿಯೊಂದನ್ನು ಚಾಸಿಯ ಚಾನೆಲ್‌ಗೆ ಹಾಕಿ ಅದರ ಮೇಲೆ ಪೈಪ್ ಬೆಸೆಯಿರಿ, ಮುಂದಕ್ಕೆ ಓರೆಯಾಗಿ ಒಂದು ಆಂಗಲ್ ಕಬ್ಬಿಣದ ಆಧಾರ ಕೊಡಿ. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ಎಲ್ಲೋ ದೂರದ ಚಕ್ರದ ಡಿಸ್ಕಿಗೆ ಹಿಡಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಹಾಳುಮಾಡುತ್ತದೆ.

ಪಾದದ ವಿಷಯದಲ್ಲಿ ನಮ್ಮ ನೆಲವೇ ಬೇರೆ. 15 ಸೆಂ.ಮೀ. ಚೌಕದ, 8 ಮಿ.ಮೀ. ದಪ್ಪದ ಪ್ಲೇಟು ಕಣದಲ್ಲಿ, ಮಿಲ್ಲಿನ ಅಂಗಳದಲ್ಲಿ ಧಾರಾಳ ಸಾಕು. ಎರೆ ಹೊಲ ಒಣಗಿದ್ದಾಗಲೂ ನಡೆಯುತ್ತದೆ. ಕಾಲುವೆ ನೀರು ಹರಿದ ಮೇಲೆ ಅದೇ ಎರೆ ಮಣ್ಣು ಪ್ಲೇಟನ್ನು ನುಂಗುತ್ತದೆ, ಒಂದು ಕಾಲು ಇಳಿದು ಟ್ರಾಲಿ ವಾಲುತ್ತದೆ. 30 ಸೆಂ.ಮೀ. ಚೌಕದ ಎರಡು ಹಲಗೆ ತುಂಡುಗಳನ್ನು ಟ್ರಾಲಿಯಲ್ಲೇ ಇಟ್ಟುಕೊಳ್ಳಿ. ಭಾರ ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಇನ್ನೂ ದೊಡ್ಡ ಪ್ಲೇಟನ್ನು ಕಾಯಂ ಬೆಸೆದರೆ ಬದು ದಾಟುವಾಗ ತಗಲುತ್ತದೆ. ಕಾಲು ಮೇಲೆತ್ತಿದಾಗ ಪಾದ ಚಾಸಿಯ ಮಟ್ಟಕ್ಕೆ ಬರಬೇಕು. ಪಿನ್ನಿಗೆ ಸರಪಳಿ, ಪಿನ್ನಿನ ತುದಿಗೆ ಲಿಂಚ್ ಪಿನ್ (ಕಳಚದಂತೆ ತಡೆಯುವ ಬಳೆಯಿರುವ ಸಣ್ಣ ಪಿನ್) ಬೇಕೇ ಬೇಕು. ದಾರಿಯಲ್ಲಿ ಪಿನ್ ಕಳಚಿ ಕಾಲು ಡಾಂಬರಿಗೆ ಬಡಿದರೆ ಹಿಂದೆ ಬರುವ ಬೈಕಿನವನ ಗತಿ ಯೋಚಿಸಿ.

ಹಲಗೆ ಹಾಕುವ ಮೊದಲು ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಈ ಕಾಲುಗಳು ನೇರ ಭಾರವನ್ನು ಚೆನ್ನಾಗಿ ತಾಳುತ್ತವೆ. ಟ್ರಾಲಿ ಒಂದು ಗೇಣು ಉರುಳಿದರೆ ಬುಡದಲ್ಲೇ ಬಾಗುತ್ತವೆ. ಪಂಚರ್ ಆದಾಗ ಈ ಕಾಲನ್ನೇ ನಂಬಿ ಟ್ರಾಲಿಯ ಕೆಳಗೆ ಹೋಗುವ ಕೆಲಸ ಯಾರೂ ಮಾಡಬಾರದು.

ಕಾರಿನ ಹಳೆಯ ಜಾಕ್ ವಿಷಯ: ಸಿಮೆಂಟ್ ನೆಲದ ಮೇಲೆ ನಿಲ್ಲಿಸಿಯೇ ಹತ್ತಿಸುವವರಾದರೆ ಬಳಸಿ, ಎತ್ತರ ಹೊಂದಿಸುವುದು ಪಿನ್ನಿಗಿಂತ ಸಲೀಸು. ಹೊಲದ ಕೆಸರು ಅದರ ತಿರುಪಿನ ಸಂದಿಗೆ ಸೇರಿ ಒಣಗಿದರೆ ತಿರುಗುವುದಿಲ್ಲ. ನಿಮ್ಮದು ಹೊಲದ ಕೆಲಸವಾದ್ದರಿಂದ ನನ್ನ ಓಟು ಪೈಪಿಗೇ.