ನಾಪೋಕ್ಲು ದಾರಿಗೆ ಯಾವ ಗಾಡಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನ ಮನೆ ನಾಪೋಕ್ಲು ಹತ್ತಿರ, ಕೆಲಸ ಮಡಿಕೇರಿಯ ಶಾಲೆಯಲ್ಲಿ. ದಿನಾ ಹೋಗಿ ಬರೋದು ಸುಮಾರು 40 ಕಿ.ಮೀ. ಇಷ್ಟು ವರ್ಷ ಬಸ್ಸು, ಬಸ್ಸು ತಪ್ಪಿದರೆ ಯಜಮಾನರ ಸ್ಕೂಟರು. ಮಳೆಗಾಲದಲ್ಲಿ ಸಾಕಾಗಿ ಹೋಗಿದೆ. ಮುಖ್ಯ ರಸ್ತೆಯಿಂದ ಮನೆಗೆ ಮುಕ್ಕಾಲು ಕಿ.ಮೀ. ಮಣ್ಣು ದಾರಿ, ಅದೂ ಏರು. ಕೈಯಲ್ಲಿ 6 ಲಕ್ಷ ಇದೆ. ಸೆಕೆಂಡ್ ಹ್ಯಾಂಡ್ ಬ್ರೆಜ್ಜಾ, ಡಸ್ಟರ್, ಎಕೋಸ್ಪೋರ್ಟ್, ಬೊಲೆರೊ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಡೀಸೆಲ್ಲಾ, ಪೆಟ್ರೋಲಾ ಅನ್ನೋದೂ ಗೊತ್ತಾಗ್ತಿಲ್ಲ. ಏನು ಮಾಡಲಿ?
– ಶಿಕ್ಷಕಿ, ನಾಪೋಕ್ಲು

ಉತ್ತರ: ಟೀಚರ್, ಮೊದಲು ದುಡ್ಡಿನ ಮಾತು ಮುಗಿಸೋಣ. ಕೈಯಲ್ಲಿ 6 ಲಕ್ಷ ಇದ್ದರೆ 5 ಲಕ್ಷ ದಾಟಿದ ಗಾಡಿ ನೋಡಲೇಬೇಡಿ. ಉಳಿದ ಒಂದು ಲಕ್ಷ ಗಾಡಿ ಮನೆಗೆ ಬಂದ ಮೊದಲ ಆರು ತಿಂಗಳಿಗೆ ಬೇಕು. ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಆಯಿಲ್, ಕೂಲೆಂಟ್, ಇನ್ಶೂರೆನ್ಸ್, ಆರ್‌ಸಿ ಹೆಸರು ಬದಲಾವಣೆ, ಇಷ್ಟಕ್ಕೇ ಅದು ಕರಗುತ್ತದೆ. ಪೂರ್ತಿ ದುಡ್ಡು ಗಾಡಿಗೇ ಸುರಿದು, ಸವೆದ ಟೈರಿನಲ್ಲಿ ಜೂನ್ ಮಳೆಗೆ ಏರು ಹತ್ತುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಡೀಸೆಲ್ಲಾ ಪೆಟ್ರೋಲಾ ಅನ್ನೋದಕ್ಕೆ ಲೆಕ್ಕ ಹಾಕಿ. ತಿಂಗಳಿಗೆ 25 ದಿನ ಓಡಿದರೆ 1,000 ಕಿ.ಮೀ. ನಮ್ಮ ಕೊಡಗಿನ ಏರು ತಿರುವಿನಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 13 ಕೊಟ್ಟರೆ 77 ಲೀಟರ್ ಬೇಕು, ಡೀಸೆಲ್ ಗಾಡಿ 17 ಕೊಟ್ಟರೆ 59 ಲೀಟರ್. ಅಂದರೆ ತಿಂಗಳಿಗೆ 18 ಲೀಟರ್ ಉಳಿತಾಯ, ಜೊತೆಗೆ ಡೀಸೆಲ್ ರೇಟೂ ಕಡಿಮೆ. ನಿಮ್ಮ ಓಡಾಟಕ್ಕೆ ಡೀಸೆಲ್ ಸರಿ, ಆದರೆ 2020ರ ಏಪ್ರಿಲ್‌ಗಿಂತ ಹಿಂದಿನ ಹಳೆಯ ಹೊಗೆ ನಿಯಮದ ಬಿಎಸ್4 ಗಾಡಿ ಆಗಿರಲಿ. ಆಮೇಲಿನ, ಇನ್ನೂ ಬಿಗಿ ನಿಯಮದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಬಿಸಿಯಾಗಿ, ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ನಮ್ಮ ದಾರಿಯಲ್ಲಿ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೇ ಗೇರು, ಅಷ್ಟರಲ್ಲಿ ಶಾಲೆ ಬಂದುಬಿಡುತ್ತದೆ, ಮಸಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ.

ಇನ್ನು ನೀವು ಹೇಳಿದ ನಾಲ್ಕು ಗಾಡಿ. ಬೊಲೆರೊ ಗಟ್ಟಿ, ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ಆದರೆ 2019ಕ್ಕಿಂತ ಹಿಂದಿನ ಬೊಲೆರೊಗಳಲ್ಲಿ ಹೆಚ್ಚಿನವಕ್ಕೆ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡುವ ಎಬಿಎಸ್ ಇಲ್ಲ. ಒದ್ದೆ ತಿರುವಿನಲ್ಲಿ ದಿನಾ ಒಬ್ಬರೇ ಓಡಿಸುವವರಿಗೆ ನಾನು ಅದನ್ನು ಹೇಳಲಾರೆ. ಡಸ್ಟರ್ ಕೆಟ್ಟ ರಸ್ತೆಯಲ್ಲಿ ಕೂತವರನ್ನು ಕುಲುಕಿಸುವುದಿಲ್ಲ, ನೆಲದಿಂದ 205 ಮಿ.ಮೀ. ಎತ್ತರ ಇದೆ, ನನಗೆ ತುಂಬಾ ಇಷ್ಟದ ಗಾಡಿ. ಆದರೆ ಆ ಹಳೆಯ ಡಸ್ಟರ್ ತಯಾರಿಕೆ ನಮ್ಮಲ್ಲಿ 2022ಕ್ಕೆ ನಿಂತಿತು. ಎಕೋಸ್ಪೋರ್ಟ್ ಮಾಡುತ್ತಿದ್ದ ಫೋರ್ಡ್ ಭಾರತದಲ್ಲಿ ಕಾರು ಮಾಡೋದು ನಿಲ್ಲಿಸುವುದಾಗಿ 2021ರಲ್ಲೇ ಹೇಳಿತು. ಬಿಡಿಭಾಗ ಸಿಗೋದೇ ಇಲ್ಲ ಅಂತಲ್ಲ, ಸಿಗುತ್ತದೆ. ಆದರೆ ಅದು ಬರುವ ತನಕ ನೀವು ಮತ್ತೆ ಬಸ್ಸಿಗೆ ಕಾಯಬೇಕು, ಅಲ್ವಾ?

ಹಾಗಾಗಿ ನಿಮಗೆ ನನ್ನ ಮಾತು, 2018 ಅಥವಾ 2019ರ ಡೀಸೆಲ್ ಬ್ರೆಜ್ಜಾ. ನೆಲದಿಂದ 198 ಮಿ.ಮೀ. ಎತ್ತರ, 1.3 ಲೀಟರ್ ಎಂಜಿನ್, ಕಾರನ್ನು ಗುದ್ದಿಸಿ ನೋಡುವ 2018ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 4 ಸ್ಟಾರ್. ಎರಡು ಏರ್‌ಬ್ಯಾಗ್, ಎಬಿಎಸ್ ಎರಡೂ ಇರುವ ಗಾಡಿಯನ್ನೇ ಹುಡುಕಿ. ಒಂದು ವೇಳೆ ಗುರುತಿನವರ ಹತ್ತಿರ ಎಲ್ಲ ಬಿಲ್ ಸಮೇತ ಚೆನ್ನಾಗಿ ಸಾಕಿದ ಡಸ್ಟರ್ ಇದ್ದರೆ, ಅದನ್ನೂ ಬಿಡಬೇಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಗಾಡಿಯ ಹೆಸರಿಗಿಂತ ಅದನ್ನು ಸಾಕಿದವರು ಯಾರು ಅನ್ನೋದೇ ಮುಖ್ಯ.

ಬಿಲ್ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನಗೇ ಆದ ಅನುಭವ ಇದೆ. ಹಿಂದೆ ನಾನು ತಗೊಂಡ ಒಂದು ಡೀಸೆಲ್ ಗಾಡಿಗೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವು, ಪಿಸ್ಟನ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಬದಲಾಯಿಸಿದ್ದೇವೆ ಅಂತ ಮಾರಿದವರು ಬಾಯಲ್ಲಿ ಹೇಳಿದ್ದರು. ನಾನು ನಂಬಿದೆ. ಸಂಪಾಜೆ ಘಾಟಿಯಲ್ಲಿ, ಮಳೆ ಸುರಿಯುವಾಗ, ಟಕ್ ಅಂತ ಒಂದೇ ಸದ್ದು, ಎಂಜಿನ್ ನಿಂತಿತು. ಬೆಲ್ಟ್ ತುಂಡಾದರೆ ಒಳಗೆ ವಾಲ್ವುಗಳಿಗೆ ಪಿಸ್ಟನ್ ಬಡಿಯುತ್ತದೆ, ಹಾಗೇ ಬಡಿದಿತ್ತು. ಹೆಂಡತಿ, ಮಗು ಗಾಡಿಯಲ್ಲಿದ್ದರು, ಕತ್ತಲಾಗಿತ್ತು, ಟೋಯಿಂಗ್ ಗಾಡಿ ಬರೋ ತನಕ ಎರಡೂವರೆ ಗಂಟೆ. ಎಂಜಿನ್ ಹೆಡ್ ಇಳಿಸಿ ಕೆಲಸ ಮಾಡಿಸಬೇಕಾಯಿತು. ಡಸ್ಟರ್ ಡೀಸೆಲ್, ಎಕೋಸ್ಪೋರ್ಟ್ 1.5 ಡೀಸೆಲ್ ಎರಡಕ್ಕೂ ಬೆಲ್ಟ್ ಇದೆ, ಬ್ರೆಜ್ಜಾ ಡೀಸೆಲ್‌ಗೆ ಅದೇ ಕೆಲಸಕ್ಕೆ ಚೈನ್. ಬೆಲ್ಟ್ ಗಾಡಿ ಆದರೆ ಬದಲಾಯಿಸಿದ ಬಿಲ್ ಕಣ್ಣಾರೆ ನೋಡಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ರೇಟಿನಲ್ಲಿ ಮುರಿದುಕೊಳ್ಳಿ.

ಗಾಡಿ ನೋಡೋಕೆ ಹೋಗುವಾಗ ನಿಮ್ಮ ಮೆಕ್ಯಾನಿಕ್ ಜೊತೆಗಿರಲಿ, ಮಾರುವವರಿಗೆ ಮೊದಲೇ ಫೋನ್ ಮಾಡಿ ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅನ್ನಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಯಾಕೆ ಬಿಸಿ ಅಂತ ಕೇಳಿ, ಯಾಕೆಂದರೆ ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ಎಂಥ ಹೊಗೆ ಬಿಡುತ್ತದೆ ಅನ್ನೋದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಮಳೆ ಬರುವ ದಿನ ಹೋದರೆ ಇನ್ನೂ ಒಳ್ಳೆಯದು, ಬಾಗಿಲ ರಬ್ಬರ್ ಸೋರುತ್ತದಾ, ವೈಪರ್, ಗಾಜಿನ ಮಂಜು ತೆಗೆಯುವ ಡಿಫಾಗರ್ ಸರಿ ಇದೆಯಾ, ಎಲ್ಲ ಒಂದೇ ಸಲಕ್ಕೆ ಕಾಣುತ್ತದೆ. ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಟ್ರಯಲ್ ನೋಡಬೇಡಿ. ಏರಿಗೆ ತಗೊಂಡು ಹೋಗಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿತು, ಗಾಡಿ ಮಾತ್ರ ಅಷ್ಟಕ್ಕಷ್ಟೇ ಅಂದರೆ ಕ್ಲಚ್ ಪ್ಲೇಟ್ ಮುಗಿದಿದೆ. ನಮ್ಮ ಜಿಲ್ಲೆಯಲ್ಲೇ ಓಡಿದ ಗಾಡಿಗಳಲ್ಲಿ ಇದು ಜಾಸ್ತಿ. ವಾಪಸ್ ಬರುವಾಗ ಹೊಂಡದ ಮೇಲೆ ನಿಧಾನ ಇಳಿಸಿ, ರೇಡಿಯೊ ಆಫ್ ಮಾಡಿ ಕಿವಿಗೊಡಿ. ಟಕಟಕ ಅಂದರೆ ಸಸ್ಪೆನ್ಷನ್ನಿನ ಬುಷ್, ಲಿಂಕ್ ರಾಡ್ ಹೋಗಿವೆ. ಇದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಒಳ್ಳೆಯದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಬಾನೆಟ್ ಕೆಳಗೆ ವೈರುಗಳನ್ನು ಬೆರಳಿನಲ್ಲಿ ಸವರಿ ನೋಡಿ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಗಳ ವೈರು ಇಲಿ ಕಡಿದಿರುತ್ತದೆ, ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡೇ ಇರಬಹುದು. ಹೆಡ್‌ಲೈಟ್ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ, ಬೆಟ್ಟಗೇರಿ ಕಡೆಯ ಮಂಜಿನಲ್ಲಿ ಮಂದ ಲೈಟ್ ಹಾಕಿಕೊಂಡು ಹೋಗೋಕೆ ಆಗೋದಿಲ್ಲ.

ನಿಮ್ಮ ಮನೆಯ ಏರು ಒಂದು ಬಾಕಿ ಇದೆ. ಬ್ರೆಜ್ಜಾಕ್ಕೆ ಎಳೆಯುವ ಚಕ್ರ ಮುಂದಿನವು, ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಕೆಸರಿನಲ್ಲಿ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಅದಕ್ಕಾಗಿ ದುಬಾರಿ ಗಾಡಿ ಹುಡುಕುವ ಬದಲು, ಏರು ಜೋರಾಗಿರುವ ಕಡೆ ಮಾತ್ರ ಚಕ್ರ ಹೋಗುವ ಎರಡು ಪಟ್ಟಿಗೆ ಕಾಂಕ್ರೀಟ್ ಹಾಕಿಸಿ. ತೋಟದ ಮನೆಗಳಿಗೆ ಹಾಕಿಸುತ್ತಾರಲ್ಲ, ಹಾಗೆ. ಪೂರ್ತಿ ರಸ್ತೆ ಬೇಕಾಗಿಲ್ಲ.

ಪ್ರಶ್ನೆ: ವಿರಾಜಪೇಟೆಯಲ್ಲಿ ನಮಗೆ ಕೇರಳ ನಂಬರಿನ ಕ್ರೆಟಾ ಒಂದು ಬಂದಿದೆ. ಇಲ್ಲಿಯ ರೇಟಿಗಿಂತ ತುಂಬಾ ಕಡಿಮೆ. ತಗೊಳ್ಳಬಹುದಾ?
– ಓದುಗರು, ವಿರಾಜಪೇಟೆ

ಉತ್ತರ: ತಗೊಳ್ಳಬಹುದು, ಆದರೆ ಆ ರೇಟು ಪೂರ್ತಿ ರೇಟಲ್ಲ. ಅಲ್ಲಿಯ ಆರ್‌ಟಿಒದಿಂದ ಗಾಡಿ ಬೇರೆ ರಾಜ್ಯಕ್ಕೆ ಹೋಗೋಕೆ ಅಡ್ಡಿಯಿಲ್ಲ ಅನ್ನೋ ಎನ್‌ಒಸಿ ತರಬೇಕು, ಮಡಿಕೇರಿಯಲ್ಲಿ ಕೆಎ-12 ನಂಬರ್ ಮಾಡಿಸಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಟ್ಯಾಕ್ಸ್ ಎಷ್ಟು ಅಂತ ಆರ್‌ಟಿಒದಲ್ಲಿ ಮೊದಲೇ ಕೇಳಿ, ಅದನ್ನು ಕೂಡಿಸಿ ನೋಡಿ. ಹಲವರಿಗೆ ಅಲ್ಲಿಗೇ ಲಾಭ ಮುಗಿಯುತ್ತದೆ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ, ಅಂದರೆ ಗಾಡಿ ಮೇಲೆ ಸಾಲ ಇದ್ದರೆ, ಸಾಲ ತೀರಿತು ಅನ್ನೋ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹಳೆ ಮಾಲೀಕರ ನೋ ಕ್ಲೈಮ್ ಬೋನಸ್ ನಿಮಗೆ ಬರೋದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ, ಹಾಗಾಗಿ ಇನ್ಶೂರೆನ್ಸ್ ಖರ್ಚನ್ನೂ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗಲೇ ಕೇರಳದಲ್ಲೂ ದೊಡ್ಡ ನೆರೆ ಬಂದಿತ್ತು. ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಸೀಟ್ ಕವರ್ ಹಾಕಿ, ಸೆಂಟ್ ಹೊಡೆದರೆ ಕಣ್ಣಿಗೆ ಗೊತ್ತಾಗೋದಿಲ್ಲ. ನಾನು ಒಮ್ಮೆ ಒಂದು ಗಾಡಿಯ ಹಿಂದಿನ ಸೀಟ್ ಬೆಲ್ಟನ್ನು ಕೊನೆ ತನಕ ಎಳೆದೆ. ಹೊರಗೆ ಕಾಣುವ ಭಾಗ ಶುಭ್ರ ಕಪ್ಪು, ಒಳಗೆ ಸುತ್ತಿಕೊಂಡಿದ್ದ ಅರ್ಧ ಮೊಳ ಮಾತ್ರ ಕಂದು. ಉಗುರಿನಲ್ಲಿ ಕೆರೆದರೆ ನುಣ್ಣಗಿನ ಮಣ್ಣು ಬಂತು. ಮಾತಾಡದೆ ಕೀ ವಾಪಸ್ ಕೊಟ್ಟು ಬಂದೆ. ನೀವೂ ನಾಲ್ಕೂ ಬೆಲ್ಟ್ ಎಳೆಯಿರಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ, ಸೀಟಿನ ಕಂಬಿಗೆ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಬಿಡಿ. ಮಳೆಗಾಲದಲ್ಲಿ ಮುಚ್ಚಿಟ್ಟ ಗಾಡಿಯ ಬೆಲ್ಟಿಗೆ ಬಿಳಿ ಬೂಸ್ಟು ಹಿಡಿಯೋದು ನಮ್ಮಲ್ಲಿ ಮಾಮೂಲು, ಒರೆಸಿದರೆ ಹೋಗುತ್ತದೆ. ಮಣ್ಣಿನ ಬಣ್ಣ ಹಾಗೆ ಹೋಗೋದಿಲ್ಲ.

ಪ್ರಶ್ನೆ: ಶಾಂತಳ್ಳಿ ಕಡೆ ತೋಟ. ಫೋರ್ ವೀಲ್ ಡ್ರೈವ್ ಇಲ್ಲದೆ ಆಗುತ್ತಾ?
– ಓದುಗರು, ಸೋಮವಾರಪೇಟೆ

ಉತ್ತರ: ಕೊಯ್ಲಿನ ಸಮಯದಲ್ಲಿ ತೋಟದೊಳಗಿಂದ ಕಾಫಿ ಮೂಟೆ ಎಳೆಯಬೇಕಾದರೆ ಹಳೆಯ ಫೋರ್ ವೀಲ್ ಜೀಪನ್ನೇ ಇಟ್ಟುಕೊಳ್ಳಿ. ಆದರೆ ಅದೇ ಜೀಪಿನಲ್ಲಿ ದಿನಾ ಪೇಟೆಗೆ ಓಡಾಡಬೇಡಿ, ಡೀಸೆಲ್ಲೂ ಜಾಸ್ತಿ, ಸೊಂಟವೂ ಹಿಡಿದುಕೊಳ್ಳುತ್ತದೆ. ಬರೀ ಮನೆ, ಪೇಟೆ, ಮಕ್ಕಳ ಶಾಲೆ ಅಂದರೆ ಟೂ ವೀಲ್ ಡ್ರೈವ್ ಗಾಡಿ, ಒಳ್ಳೆಯ ಟೈರು ಸಾಕು. ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತದೆ ನೋಡಿ, ಸವೆದು ಸವೆದು ಅದಕ್ಕೆ ಸಮ ಆದರೆ 1.6 ಮಿ.ಮೀ. ಮಾತ್ರ ಉಳಿದಿದೆ ಅಂತ ಅರ್ಥ. ನಿಮ್ಮ ಕಡೆಯ ಮಳೆಗೆ ಅಷ್ಟು ಸವೆಯೋ ತನಕ ಕಾಯಬೇಡಿ, ಮೇ ತಿಂಗಳಲ್ಲೇ ಹೊಸದು ಹಾಕಿಸಿ.