ಬಿಟ್ಟು ಹೋದ ಪ್ರದರ್ಶಕರನ್ನು ಮರಳಿ ಕರೆಯುವುದು ಹೇಗೆ?

ಪ್ರಶ್ನೆ: ನಮ್ಮ ಸಂಘ ಎರಡು ವರ್ಷಕ್ಕೊಮ್ಮೆ ಬೆಳಗಾವಿಯಲ್ಲಿ ಫೌಂಡ್ರಿ (ಲೋಹದ ಎರಕ) ಮತ್ತು ಮಷಿನ್ ಟೂಲ್ಸ್ (ಲೋಹ ಕತ್ತರಿಸಿ ರೂಪಿಸುವ ಯಂತ್ರ) ಮೇಳ ನಡೆಸುತ್ತದೆ. ಕಳೆದ ಸಲ 110 ಸ್ಟಾಲ್‌ಗಳಿದ್ದವು. ಸ್ಟಾಲ್ ಹಾಕಿದ್ದ ಆ ಪ್ರದರ್ಶಕರಲ್ಲಿ 40 ಮಂದಿ ಈ ಸಲ ಬರುವುದಿಲ್ಲ ಎನ್ನುತ್ತಿದ್ದಾರೆ. ಬಾಡಿಗೆಯಲ್ಲಿ ಶೇ 25 ಕಡಿಮೆ ಮಾಡಿದರೆ ಬಂದಾರೆಯೇ?
— ಸಂಘದ ಕಾರ್ಯದರ್ಶಿ, ಬೆಳಗಾವಿ

ಉತ್ತರ: ದಯವಿಟ್ಟು ರಿಯಾಯಿತಿಯಿಂದ ಶುರು ಮಾಡಬೇಡಿ. ಪೂರ್ತಿ ಹಣ ಕಟ್ಟಿದ 70 ಮಂದಿಗೆ ಆ ಸುದ್ದಿ ತಲುಪದೆ ಇರದು. ಮುಂದಿನ ಸಲ ಅವರೂ ಕೊನೆಯವರೆಗೆ ಕಾಯುತ್ತಾರೆ. ಮೇಲಾಗಿ ಲಾರಿ, ಕ್ರೇನ್, ಸಿಬ್ಬಂದಿಯ ವಸತಿ, ಕಾರ್ಖಾನೆಯಲ್ಲಿ ನಿಂತ ಕೆಲಸ ಎಲ್ಲ ಲೆಕ್ಕ ಹಾಕಿದರೆ ಬಾಡಿಗೆ ಅವರ ಖರ್ಚಿನ ಒಂದು ಪಾಲು ಮಾತ್ರ.

40 ಮಂದಿಗೂ ಫೋನ್ ಮಾಡಿ. ಬುಕಿಂಗ್ ಏಜೆಂಟರಲ್ಲ, ಅದೇ ಕಸುಬಿನ ಸಮಿತಿ ಸದಸ್ಯರೇ ಮಾತಾಡಲಿ. ‘ಬರುತ್ತೀರಾ?’ ಎಂದು ಕೇಳುವ ಬದಲು ‘ಕಳೆದ ಮೇಳದಲ್ಲಿ ಎಂಥವರು ಬಂದು ವಿಚಾರಿಸಿದರು? ಎಷ್ಟು ಕೊಟೇಶನ್ ಕೊಟ್ಟಿರಿ?’ ಎಂದು ಕೇಳಿ. ಧಂದೆಯನ್ನೇ ಬದಲಿಸಿದವರನ್ನು ಬಿಟ್ಟುಬಿಡಿ. ಉಳಿದವರ ದೂರು ಹೆಚ್ಚಾಗಿ ಎರಡೇ: ಖರೀದಿದಾರರು ಬರಲಿಲ್ಲ, ಇಲ್ಲವೇ ಯಂತ್ರ ನಡೆಸಿ ತೋರಿಸಲು ಆಗಲಿಲ್ಲ.

ಮೊದಲನೆಯದಕ್ಕೆ, ಪ್ರತಿ ಪ್ರದರ್ಶಕರಿಂದ ಅವರು ಭೇಟಿಯಾಗಬಯಸುವ 10 ಕಂಪನಿಗಳ ಹೆಸರು ಬರೆಸಿಕೊಳ್ಳಿ. ಅವುಗಳ ಖರೀದಿ ವಿಭಾಗಕ್ಕೆ ಸಂಘವೇ ಆಹ್ವಾನ ಕಳಿಸಲಿ. ಕೊಲ್ಹಾಪುರದ ಶಿರೋಲಿ, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಗಳಿಂದ ಬಸ್ ಬಿಡಿ. ನೋಂದಣಿಯಲ್ಲಿ ಹೆಸರು, ಫೋನ್ ನಂಬರ್ ಅಷ್ಟೇ ಸಾಲದು. ಕಂಪನಿ, ಹುದ್ದೆ, ಏನು ಬೇಕಾಗಿದೆ ಎಂಬುದೂ ಇರಲಿ. ಕಾಲೇಜು ವಿದ್ಯಾರ್ಥಿಗಳಿಗೆ ಕೊನೆಯ ದಿನದ ಮಧ್ಯಾಹ್ನ ಮಾತ್ರ ಪ್ರವೇಶ ಕೊಡಿ. ಅವರ ಕಲಿಕೆಯೂ ಮುಖ್ಯವೇ, ಆದರೆ ಆ ಗದ್ದಲದಲ್ಲಿ ಬೆಲೆ ಮಾತಾಡಲು ಬಂದವರು ಹಾಗೇ ಮುಂದೆ ಹೋಗಿಬಿಡುತ್ತಾರೆ.

ಎರಡನೆಯದರ ಮೂಲ ಸಾಮಾನ್ಯವಾಗಿ ಕರೆಂಟು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಕ್ಕೆ ಸಾಮಾನ್ಯವಾಗಿ 415 ವೋಲ್ಟಿನ ತ್ರೀ ಫೇಸ್ ಬೇಕು. ಸ್ಟಾಲಿನ 15 ಆಂಪಿಯರ್ ಸಾಕೆಟ್ ಉಪಯೋಗಕ್ಕೆ ಬಾರದು. ಲೋಡ್, ಅಂದರೆ ಬೇಕಾದ ವಿದ್ಯುತ್, ಎಷ್ಟೆಂದು ಮೊದಲೇ ತಿಳಿಸದವರು ಕೊನೆಯಲ್ಲಿ ತಂತಿ ಸೇರಿಸುತ್ತಾರೆ. ಎಲ್ಲ ಯಂತ್ರಗಳ ಸ್ಪಿಂಡಲ್‌ಗಳೂ (ತಿರುಗುವ ದಂಡಗಳು) ಒಮ್ಮೆಗೇ ತಿರುಗಿದಾಗ ವೋಲ್ಟೇಜ್ ಕುಸಿದು ಮೋಟಾರು ನಡೆಸುವ ಡ್ರೈವ್ ಟ್ರಿಪ್ ಆಗಿ ಯಂತ್ರ ನಿಲ್ಲುತ್ತದೆ, ಅದೂ ಗಿರಾಕಿಯ ಎದುರಿಗೇ. ಆದ್ದರಿಂದ 30 ದಿನ ಮುಂಚೆಯೇ ಪ್ರತಿ ಯಂತ್ರದ ಲೋಡ್ ಬರೆಸಿಕೊಳ್ಳಿ. ಜನರೇಟರ್ ಒಟ್ಟು ಲೋಡಿಗಿಂತ ಕಾಲುಭಾಗವಾದರೂ ಹೆಚ್ಚಿನ ಸಾಮರ್ಥ್ಯದ್ದಾಗಿರಲಿ. ಯಂತ್ರಗಳಿಗೂ ದೀಪಗಳಿಗೂ ಬೇರೆ ಬೇರೆ ಲೈನ್, ಸರಿಯಾದ ಅರ್ಥಿಂಗ್ ಇರಲಿ. ಭಾರಿ ಯಂತ್ರಗಳನ್ನು ಬಾಗಿಲಿಗೆ ದೂರದ ಸ್ಟಾಲಿನಿಂದ ಹಿಡಿದು ಇಳಿಸುತ್ತ ಬನ್ನಿ. ಕಾರ್ಪೆಟ್ ಹಾಸಿದ ಮೇಲೆ ಫೋರ್ಕ್‌ಲಿಫ್ಟ್ ಒಳಗೆ ಬರಲಾಗದು.

ಈ ಸುಧಾರಣೆಗಳನ್ನು ಬರಹದಲ್ಲಿ ಕೊಟ್ಟು ಮತ್ತೆ ಕರೆಯಿರಿ. ಇಷ್ಟಾದ ಮೇಲೂ ಹಿಂಜರಿಯುವವರಿಗೆ ಏನಾದರೂ ಕೊಡಲೇಬೇಕಿದ್ದರೆ ಎರಡು ಕಡೆ ತೆರೆದಿರುವ ಮೂಲೆಯ ಸ್ಟಾಲ್ ಕೊಡಿ, ಬಾಡಿಗೆ ಮುಟ್ಟಬೇಡಿ.

ಇರುವವರನ್ನು ಉಳಿಸಿಕೊಳ್ಳುವ ಕೆಲಸ ಮೇಳದ ಎರಡನೇ ದಿನವೇ ಶುರುವಾಗಲಿ. ಮುಂದಿನ ಮೇಳದ ನಕ್ಷೆ ಹಿಡಿದು ಸ್ಟಾಲಿನಿಂದ ಸ್ಟಾಲಿಗೆ ಹೋಗಿ. ಹಳಬರಿಗೆ ಅದೇ ಜಾಗದ ಮೊದಲ ಹಕ್ಕನ್ನು 15 ದಿನ ಕಾಯ್ದಿಡಿ.

ಪ್ರಶ್ನೆ: ಸಣ್ಣ ಘಟಕಗಳಿಗೆ 9 ಚದರ ಮೀಟರ್ ಸ್ಟಾಲ್ ದುಬಾರಿ. ದಾರಿ ಏನು?
— ಓದುಗರು, ಉದ್ಯಮಬಾಗ

ಉತ್ತರ: ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವವರಂಥ ಐದಾರು ಘಟಕಗಳು ಸೇರಿ ಒಂದು ಪೆವಿಲಿಯನ್ (ಹಂಚಿಕೊಳ್ಳುವ ಮಳಿಗೆ) ಹಿಡಿಯಬಹುದು. ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ, ಸಣ್ಣ ಘಟಕಗಳಿಗೆ ಕೇಂದ್ರದ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಸಚಿವಾಲಯದ ಸಂಗ್ರಹಣೆ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಸ್ಟಾಲ್ ಬಾಡಿಗೆಗೆ ನೆರವು ಇದೆ. ಆ ಮೇಳ ಯೋಜನೆಗೆ ಒಳಪಡುತ್ತದೆಯೇ ಎಂಬುದನ್ನು ಹಣ ಕಟ್ಟುವ ಮುಂಚೆ ಖಚಿತಪಡಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಘಟಕದ ಹೆಸರಿನಲ್ಲೇ ಇರಲಿ.