ರಕೂನ್ ಕಾಟಕ್ಕೆ ಯಾವ ಏರ್‌ಗನ್ ಒಳ್ಳೆಯದು? ರಕೂನ್‌ನಿಂದ ರೋಗ ಬರುತ್ತದಾ?

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೊಸ ಮನೆ, ರಾತ್ರಿ ಕಸದ ಡಬ್ಬ ಉರುಳಿಸುವ ರಕೂನ್ (ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರುವ ಇಲ್ಲಿನ ಕಾಡುಪ್ರಾಣಿ), ಅಟ್ಟದಲ್ಲಿ ಧಡಧಡ ಸದ್ದು. .177 ಅಳತೆಯ ಏರ್‌ಗನ್ ತಗೊಳ್ಳಲಾ, ಸ್ವಲ್ಪ ದಪ್ಪ ಗುಂಡಿನ .22 ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಓಡಾಡಿದ್ದೆ.

ನಾನಿರುವುದು ವರ್ಜೀನಿಯಾ. ಊರು ಶಿರಸಿ ಕಡೆ. ತೋಟದಲ್ಲಿ ಮಂಗ ಓಡಿಸಲು ಹೈಸ್ಕೂಲಿನಲ್ಲಿದ್ದಾಗಲೇ ಏರ್‌ಗನ್ ಹಿಡಿದವನು. ರಕೂನ್ ಯಾವ ಲೆಕ್ಕ ಅಂದುಕೊಂಡೆ. ಹೆಂಡತಿ ಬೇಡ ಅಂದರೂ .22 ತಂದೆ.

ಒಂದು ಭಾನುವಾರ ಸಂಜೆ, ಇನ್ನೂ ಬೆಳಕಿತ್ತು. ನಮ್ಮ ನಾಯಿ ಹಿತ್ತಲಲ್ಲಿ ರಕೂನ್ ಜೊತೆ ಕಚ್ಚಾಡುತ್ತಿತ್ತು. ನಾಯಿಯನ್ನು ಒಳಗೆ ಎಳೆದು ಹಾಕಿ ಗನ್ ತಂದೆ. ಅದು ಬೇಲಿಯ ಹತ್ತಿರ ತೂರಾಡುತ್ತಿತ್ತು. ಹತ್ತಡಿ ದೂರದಿಂದ ತಲೆಗೆ ಎರಡು ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು). ಅಲ್ಲೇ ಬಿತ್ತು. ನಂಗೋ, ಹುಲಿ ಹೊಡೆದಷ್ಟು ಹೆಮ್ಮೆ.

ಆಮೇಲೆ ನಾಯಿಯ ಕುತ್ತಿಗೆಯ ಮೇಲಿದ್ದ ಜೊಲ್ಲನ್ನು ಬರಿಗೈಯಲ್ಲಿ ಒರೆಸಿದೆ. ಅವತ್ತು ಬೆಳಗ್ಗೆಯಷ್ಟೇ ಗುಲಾಬಿ ಗಿಡ ಸವರಿದ್ದೆ. ಕೈ ತುಂಬಾ ಹಸಿ ಗೀರು.

ರಕೂನ್‌ನ ಜೊಲ್ಲು ಗೀರಿಗೆ ತಗುಲಿದರೆ ರೇಬಿಸ್ (ಹುಚ್ಚುನಾಯಿ ರೋಗ) ಬರಬಹುದು ಅಂತ ಹೆಂಡತಿ ಆರೋಗ್ಯ ಇಲಾಖೆಗೆ ಫೋನ್ ಮಾಡಿಸಿದಳು. ಆ ಕಡೆಯ ಹೆಂಗಸು ಕೇಳಿದ ಮೊದಲ ಪ್ರಶ್ನೆ, "ಎಲ್ಲಿಗೆ ಹೊಡೆದಿರಿ?" ತಲೆಗೆ ಅಂದೆ, ಜಂಬದಿಂದಲೇ. ಒಂದು ಕ್ಷಣ ಆಕೆ ಮಾತಾಡಲಿಲ್ಲ.

ನನ್ನ ತಪ್ಪು ಅದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಪ್ರಾಣಿಗೆ ರೇಬಿಸ್ ಇತ್ತಾ ಅಂತ ಖಚಿತವಾಗಿ ತಿಳಿಯಲು ಅದು ಸತ್ತ ಮೇಲೆ ಮಿದುಳನ್ನೇ ನೋಡಬೇಕು. ರಕ್ತ ಸಾಲುವುದಿಲ್ಲ. ಲ್ಯಾಬಿನವರಿಗೆ ಮಿದುಳಿನ ಬುಡವೂ ಬೇಕು, ಹಿಂಭಾಗದ ಕಿರಿಮಿದುಳೂ ಬೇಕು. ನನ್ನ ಪೆಲೆಟ್‌ಗಳು ಸರಿಯಾಗಿ ಅಲ್ಲೇ ಹಾದುಹೋಗಿದ್ದವು. ಸಾಲದ್ದಕ್ಕೆ ಹೆಣವನ್ನು ಚೀಲಕ್ಕೆ ಹಾಕಿ ಬೇಸ್‌ಮೆಂಟಿನ ಫ್ರೀಜರ್‌ನಲ್ಲಿಟ್ಟಿದ್ದೆ. ತಣ್ಣಗಿಡಬೇಕು, ಆದರೆ ಹೆಪ್ಪುಗಟ್ಟಿಸಬಾರದಂತೆ. ಪರೀಕ್ಷೆ ಆಗುವುದಿಲ್ಲ ಅಂತ ಉತ್ತರ ಬಂತು. ಪರೀಕ್ಷೆ ಇಲ್ಲ ಅಂದರೆ "ರೇಬಿಸ್ ಇಲ್ಲ" ಅಂತ ಹೇಳುವವರೂ ಇಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರೇಬಿಸ್ ಬೀಡುಬಿಟ್ಟಿರುವುದೇ ರಕೂನ್‌ಗಳಲ್ಲಿ. ಹಾಗಾಗಿ ಇತ್ತು ಅಂತಲೇ ಲೆಕ್ಕ. ತಲೆ ನೆಟ್ಟಗಿದ್ದು, ಇಲ್ಲ ಅಂತ ಫಲಿತಾಂಶ ಬಂದಿದ್ದರೆ ನನಗೆ ಒಂದು ಸೂಜಿಯೂ ಬೇಕಿರಲಿಲ್ಲ.

ಹಾಗಾದರೆ ಎದೆಗೆ ಹೊಡೆದರಾಯಿತಲ್ಲ ಅನ್ನಬೇಡಿ. ಎಂಟು ಹತ್ತು ಕೆಜಿಯ ಪ್ರಾಣಿ ಅದು. ಮಾಮೂಲಿ ಏರ್‌ಗನ್ನಿನ ಪೆಲೆಟ್ ಎದೆಗೆ ಬಿದ್ದರೆ ಸಾಯುವುದಿಲ್ಲ, ನಿಮ್ಮ ಡೆಕ್ ಕೆಳಗೆ ತೂರಿ ಎರಡು ದಿನ ನರಳುತ್ತದೆ. ಒಂದೇ ಏಟಿಗೆ ಸಾಯಿಸಬೇಕಾದರೆ ತಲೆಗೇ ಹೊಡೆಯಬೇಕು, ತಲೆಗೆ ಹೊಡೆದರೆ ಪರೀಕ್ಷೆ ಹೋಯಿತು. ಅದಕ್ಕೇ ಯಾವ ಏರ್‌ಗನ್ ಅನ್ನುವ ಪ್ರಶ್ನೆಯೇ ತಪ್ಪು ಅನ್ನುತ್ತಿದ್ದೇನೆ.

ಮೊದಲ ದಿನ ಬೆರಳಿನ ಗೀರುಗಳ ಸುತ್ತಲೇ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚಿದರು. ಬೆರಳಿಗೆ ಸೂಜಿ, ಆಹಾ! ಜೊತೆಗೆ ಲಸಿಕೆ, ಆಮೇಲೆ 3, 7, 14ನೇ ದಿನ ಮತ್ತೆ. ಇನ್ಶೂರೆನ್ಸ್ ಕೊಟ್ಟಿದ್ದು ಕಳೆದು ನಮ್ಮ ಕೈಯಿಂದ ಹೋಗಿದ್ದು ನಾಲ್ಕು ಸಾವಿರ ಡಾಲರ್. "ನಮ್ಮ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಹಾಕ್ತಿದ್ರಲ್ಲೋ" ಅಂತ ಆಯಿ (ಅಮ್ಮ) ಈಗಲೂ ಫೋನಿನಲ್ಲಿ ಆಡಿಕೊಳ್ಳುತ್ತಾಳೆ. ನಾಯಿಯ ಲಸಿಕೆಯ ಅವಧಿ ಮುಗಿದಿರಲಿಲ್ಲ. ಒಂದು ಬೂಸ್ಟರ್, 45 ದಿನ ನಿಗಾ, ಅಷ್ಟಕ್ಕೆ ಬಚಾವಾಯಿತು.

ರೋಗ ಅಂದಿರಲ್ಲ, ಸದ್ಯಕ್ಕೆ ನಿಮ್ಮ ಅಟ್ಟದಲ್ಲಿ ರೇಬಿಸ್‌ಗಿಂತ ಅದರ ಹಿಕ್ಕೆಯ ಬಗ್ಗೆ ಯೋಚಿಸಿ. ರಕೂನ್ ದಿನವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ದುಂಡುಹುಳುವಿನ (ಕರುಳಿನಲ್ಲಿರುವ ಒಂದು ಬಗೆಯ ಹುಳು) ಮೊಟ್ಟೆ ಇರಬಹುದು. ಮನುಷ್ಯರಿಗೆ ತಗಲುವುದು ಅಪರೂಪ, ಆದರೆ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಮಿದುಳಿಗೇ ಏರಬಹುದು. ಮೊಟ್ಟೆ ಬಲಿತು ಅಂಟುವಂತಾಗಲು ಎರಡು ವಾರವಾದರೂ ಬೇಕು. ತಡ ಮಾಡಬೇಡಿ. ಬ್ಲೀಚಿಗೆ ಆ ಮೊಟ್ಟೆ ಸಾಯುವುದಿಲ್ಲ. ಹೊರಗಡೆಯಾದರೆ ಕುದಿಯುವ ನೀರು ಹುಯ್ಯಿರಿ. ಅಟ್ಟದ ಕೆಲಸ ಮಾತ್ರ ಗ್ಲೌಸು, ಮಾಸ್ಕು ಇರುವ ಕಸುಬಿನವರಿಗೇ ಬಿಡಿ.

ವಸಂತದಲ್ಲಿ ಅಟ್ಟದ ಸದ್ದು ಅಂದರೆ ಹೆಚ್ಚಾಗಿ ಬಾಣಂತಿ ರಕೂನ್. ತಾಯಿಯನ್ನು ಕೊಂದರೆ ಮರಿಗಳು ಗೋಡೆಯೊಳಗೆ ಸತ್ತು ನಾರುತ್ತವೆ. ಲೈಸೆನ್ಸ್ ಇರುವವರನ್ನು ಕರೆಸಿ. ಮರಿಗಳಿಗೂ ದಾರಿ ಮಾಡಿ, ಹೊರಗೆ ಹೋದದ್ದು ವಾಪಸು ಬರಲಾಗದ ಬಾಗಿಲು ಕೂರಿಸುತ್ತಾರೆ. ಕಸದ ಡಬ್ಬಕ್ಕೆ ಗಟ್ಟಿ ಪಟ್ಟಿ ಬಿಗಿಯಿರಿ. ನಮ್ಮ ಮನೆಯ ಕಾಟ ಮುಕ್ಕಾಲು ಭಾಗ ಅದರಿಂದಲೇ ನಿಂತಿತು. ಇನ್ನು ಬೋನಿಗೆ ಹಾಕಿ ದೂರದ ಪಾರ್ಕಿನಲ್ಲಿ ಬಿಟ್ಟು ಬನ್ನಿ ಅಂತ ಯಾರಾದರೂ ಪುಣ್ಯಾತ್ಮರು ಹೇಳುತ್ತಾರೆ, ಕೇಳಬೇಡಿ. ಬಹಳ ರಾಜ್ಯಗಳಲ್ಲಿ ಅದು ಕಾನೂನುಬಾಹಿರ. 1970ರ ದಶಕದಲ್ಲಿ ಬೇಟೆಗೆಂದು ದಕ್ಷಿಣದಿಂದ ಹೊತ್ತು ತಂದ ರಕೂನ್‌ಗಳ ಜೊತೆಗೇ ನಮ್ಮ ಈ ಭಾಗಕ್ಕೆ ರೇಬಿಸ್ ಬಂದಿದ್ದು.

ಅಂದ ಹಾಗೆ, ನಿಮ್ಮ ನ್ಯೂಜೆರ್ಸಿಯಲ್ಲಿ ಏರ್‌ಗನ್ ಕೂಡ ಕಾನೂನಿನ ಲೆಕ್ಕಕ್ಕೆ ಬಂದೂಕೇ. ಕೊಳ್ಳುವುದಕ್ಕೇ ಪೊಲೀಸರ ಹತ್ತಿರ ಅರ್ಜಿ ಹಾಕಿ ಕಾರ್ಡ್ ಮಾಡಿಸಬೇಕು.

ನಾಯಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅದರ ರೇಬಿಸ್ ಲಸಿಕೆಯ ತಾರೀಖು ಇವತ್ತೇ ನೋಡಿ.